ನಾಯಿಯ ಎರಡು ಪದರದ ಕೂದಲಿಗೆ ಯಾವುದು ಸರಿ: ಸ್ಲಿಕರ್, ಬ್ಲೇಡ್, ರೇಕ್?

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನಮ್ಮ ಜರ್ಮನ್ ಶೆಫರ್ಡ್‌ನ ಒಳಗೂದಲು, ಅಂದರೆ ಗಡುಸಾದ ಮೇಲುಗೂದಲಿನ ಕೆಳಗಿನ ಮೆತ್ತನೆಯ ಪದರ, ಉದುರುವುದೂ ಆಗಲೇ. ಶಹಾಬಾದ್ ಫರಸಿಯ ಮೇಲೆ ಎಲ್ಲಿ ನೋಡಿದರೂ ಕೂದಲ ಉಂಡೆ.

ಸಣ್ಣ ತಂತಿ ಹಲ್ಲುಗಳ ಸ್ಲಿಕರ್ ಬ್ರಷ್ ಅಗ್ಗ. ಕಿವಿ ಹಿಂದಿನ ಸಣ್ಣ ಗಂಟು ಬಿಡಿಸಲು ಚೆನ್ನಾಗಿದೆ. ಬೆನ್ನಿನ ಮೇಲೆ ಸುಮ್ನೆ ಆಡಿಸಿದರೆ ಮೇಲುಗೂದಲು ಹೊಳೆಯುತ್ತದೆ ಅಷ್ಟೇ, ಒಳಪದರ ಹಾಗೇ ಉಳಿಯುತ್ತದೆ.

ಉದುರುವ ಕೂದಲು ತೆಗೆಯಲೆಂದೇ ಬರುವ, ಬ್ಲೇಡ್ ಇರುವ ಡಿಶೆಡ್ಡಿಂಗ್ ಟೂಲ್ ಎಳೆದ ಕೂಡಲೇ ರಾಶಿ ಕೂದಲು ಬರುತ್ತದೆ, ನೋಡಲು ಖುಷಿ. ಆ ರಾಶಿಯನ್ನು ಬಿಳಿ ಬಟ್ಟೆಯ ಮೇಲೆ ಹರಡಿ ನೋಡಿದೆ. ಮೆತ್ತನೆಯ ಬೂದು ಕೂದಲಿನ ನಡುವೆ ಗಡುಸಾದ ಕಪ್ಪು ಮೇಲುಗೂದಲೂ ತುಂಡಾಗಿ ಬಿದ್ದಿತ್ತು. ಬಿಸಿಲಿನಿಂದ ಚರ್ಮವನ್ನು ಕಾಪಾಡುವುದೇ ಆ ಮೇಲುಗೂದಲು, ಅಲ್ವಾ? ಒಂದೇ ಜಾಗದಲ್ಲಿ ಜಾಸ್ತಿ ಎಳೆದರೆ ಚರ್ಮವೂ ಕೆಂಪಾಗುತ್ತದೆ.

ನನ್ನ ಕೈಯಲ್ಲಿ ಉಳಿದದ್ದು ಅಂಡರ್‌ಕೋಟ್ ರೇಕ್, ಅಂದರೆ ಒಳಗೂದಲು ಬಾಚುವ ಬಾಚಣಿಗೆ. ಹಲ್ಲು ಉದ್ದ, ತುದಿ ಮೊಂಡ. ಎಡಗೈಯಿಂದ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿದು, ಚರ್ಮ ಕಾಣುವ ಗೆರೆಯಿಂದ ಸ್ವಲ್ಪ ಸ್ವಲ್ಪವೇ ಕೆಳಗೆ ಬಾಚಬೇಕು. ತೊಡೆಯ ಹಿಂದೆ, ಕುತ್ತಿಗೆಯ ಸುತ್ತ ಕೂದಲು ದಟ್ಟ, ಅಲ್ಲಿ ತಾಳ್ಮೆ ಬೇಕು. ಕೊನೆಗೆ ಸ್ಟೀಲ್ ಬಾಚಣಿಗೆ ಚರ್ಮದವರೆಗೂ ತಡೆಯಿಲ್ಲದೆ ಹೋದರೆ ಕೆಲಸ ಮುಗಿದಂತೆ. ಸಮಯ ಹಿಡಿಯುತ್ತದೆ, ನಿಜ. ಆದರೆ ಮೇಲುಗೂದಲು ಉಳಿಯುತ್ತದೆ. ಬಾಚುವಾಗ ಉಣ್ಣಿ ಇದ್ದರೂ ಕಣ್ಣಿಗೆ ಬೀಳುತ್ತದೆ.

ಇನ್ನು ನಾಲ್ಕನೆಯ ದಾರಿ, ಕೂದಲು ಬೋಳಿಸುವ ಮಷೀನ್. ನಮ್ಮ ಓಣಿಯ ಕಾಕಾ ಸಿಕ್ಕಾಗಲೆಲ್ಲ ಹೇಳುತ್ತಾರೆ: “ಇಷ್ಟ್ ಬಿಸಲ ಅದ, ಪೂರಾ ಬೋಳಸಿಬಿಡ್ರಿ.” ಅಕ್ಕ ತನ್ನ ಪೊಮೆರೇನಿಯನ್‌ಗೆ ಹಾಗೇ ಮಾಡಿಸಿದಳು. ಒಳಗೂದಲು ಬೇಗ ಬಂತು, ಮೇಲುಗೂದಲು ಅಲ್ಲಲ್ಲಿ ಬರಲೇ ಇಲ್ಲ. ನಾಯಿ ಮುಖ್ಯವಾಗಿ ಮೈ ತಂಪು ಮಾಡಿಕೊಳ್ಳುವುದು ನಾಲಿಗೆ ಚಾಚಿ ತೇಕುವುದರಿಂದ. ಬೋಳಿಸಿದ್ದಕ್ಕೆ ಸೆಖೆ ಕಡಿಮೆಯಾಗಲಿಲ್ಲ, ಮಧ್ಯಾಹ್ನ ಅದು ಮೊದಲಿನ ಹಾಗೇ ತೇಕುತ್ತಿತ್ತು.

ಸ್ನಾನಕ್ಕೆ ಮೊದಲೇ ಬಾಚಿ. ಗಂಟು ನೆನೆದರೆ ಇನ್ನೂ ಬಿಗಿಯಾಗುತ್ತದೆ. ಸ್ನಾನ ಆದ ಮೇಲೆ ಟವೆಲ್‌ನಿಂದ ಒರೆಸಿ ಫ್ಯಾನ್ ಕೆಳಗೆ ಬಿಡಿ. ಕೂಲರ್ ಮುಂದೆ ಬೇಡ. ಅದರ ಗಾಳಿಯಲ್ಲೇ ತೇವ ಇರುವುದರಿಂದ ಒಳಪದರ ಒಣಗುವುದು ತಡ, ಹಸಿ ಉಳಿದ ಕಡೆ ತುರಿಕೆ ಶುರುವಾಗುತ್ತದೆ.