ಎನ್‌ಫೋರ್ಸ್4 ಅಲ್ಟ್ರಾ ಮದರ್‌ಬೋರ್ಡ್: ಒಂದು ಚುಕ್ಕೆ ಬೆಳ್ಳಿ ಬಣ್ಣ, ಇಪ್ಪತ್ತು ವರ್ಷದ ಬಳಕೆ

ಕಂಪ್ಯೂಟರಿನ ಭಾಗಗಳನ್ನೆಲ್ಲ ಕೂರಿಸುವ ಈ ಮದರ್‌ಬೋರ್ಡ್ ತಗೊಂಡಿದ್ದು 2005ರ ಮಾರ್ಚ್‌ನಲ್ಲಿ. ಆಗ ನಾನು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಕೆಲಸಕ್ಕಿದ್ದೆ. ಈಗ ಇದು ಮೈಸೂರಿನ ಮನೆಯಲ್ಲಿದೆ, ಇವತ್ತಿಗೂ ಆನ್ ಆಗುತ್ತದೆ. ಹಳೇ ಬೋರ್ಡ್ ಕೊಳ್ಳುವವರು, ಕೂಡಿಸಿಡುವವರು ಈಗಲೂ ಇದರ ಬಗ್ಗೆ ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ವಿಷಯ ಏನು ಅಂತ ಹೇಳಿಬಿಡುತ್ತೇನೆ. ಎಎಂಡಿಯ ಅಥ್ಲಾನ್ 64 ಪ್ರೊಸೆಸರ್‌ಗಾಗಿ ಗ್ರಾಫಿಕ್ಸ್ ಚಿಪ್ ಕಂಪನಿ ಎನ್ವಿಡಿಯಾ ಎನ್‌ಫೋರ್ಸ್4 ಚಿಪ್‌ಸೆಟ್ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್) ತಂದಿದ್ದು 2004ರ ಕೊನೆಯಲ್ಲಿ. ಸಾದಾ, ಅಲ್ಟ್ರಾ, ಎಸ್‌ಎಲ್‌ಐ ಅಂತ ಮೂರು ಬಗೆ. ಎರಡು ಗ್ರಾಫಿಕ್ಸ್ ಕಾರ್ಡ್ ಜೋಡಿಸಿ ಒಂದೇ ಆಟಕ್ಕೆ ದುಡಿಸುವ ಅನುಮತಿ ಎಸ್‌ಎಲ್‌ಐಗೆ ಮಾತ್ರ. ಅದರ ಬೆಲೆ ಜಾಸ್ತಿ. ಆದರೆ ಅಲ್ಟ್ರಾ ಮತ್ತು ಎಸ್‌ಎಲ್‌ಐ ಒಳಗಿದ್ದ ಸಿಲಿಕಾನ್ ಒಂದೇ! ಚಿಪ್ಪಿನ ಮೇಲ್ಮೈಯಲ್ಲಿ ಪುಟ್ಟ ಪುಟ್ಟ ಲೋಹದ ಬಿಂದುಗಳಿದ್ದವು. ಎಸ್‌ಎಲ್‌ಐನಲ್ಲಿ ಅದರಲ್ಲೊಂದು ಜೋಡಿ ಸೇರಿಕೊಂಡಿರುತ್ತಿತ್ತು. ಅಲ್ಟ್ರಾದಲ್ಲಿ ಬಿಡಿಬಿಡಿಯಾಗಿತ್ತು. ಅಷ್ಟೇ ವ್ಯತ್ಯಾಸ. 2005ರ ಜನವರಿಯಲ್ಲಿ ಹಾರ್ಡ್‌ವೇರ್ ವಿಮರ್ಶೆಯ ತಾಣ ಆನಂದ್‌ಟೆಕ್ ಇದನ್ನು ಬಯಲು ಮಾಡಿತು. ಕೆಲವು ತಯಾರಕರು ಅಲ್ಟ್ರಾ ಬೋರ್ಡಿನಲ್ಲೂ ಗ್ರಾಫಿಕ್ಸ್ ಕಾರ್ಡ್ ಕೂರಿಸುವ ಎರಡು ಉದ್ದ ಸ್ಲಾಟ್ ಕೊಟ್ಟಿದ್ದರು. ಡಿಎಫ್‌ಐ ಕಂಪನಿಯ ಅಲ್ಟ್ರಾ-ಡಿ ಬೋರ್ಡ್ ಅದಕ್ಕೇ ಹೆಸರಾಯಿತು. ನನ್ನದೂ ಎರಡು ಉದ್ದ ಸ್ಲಾಟಿನ ಬೋರ್ಡೇ.

ಒಂದು ಶನಿವಾರ ರಾತ್ರಿ ಆ ಕೆಲಸಕ್ಕೆ ಕೂತೆ. ಚಿಪ್ಪಿನ ಮೇಲಿನ ಪುಟ್ಟ ಫ್ಯಾನ್ ಬಿಚ್ಚಿ, ಶಾಖ ದಾಟಿಸಲು ಹಚ್ಚಿ ಒಣಗಿದ್ದ ಪೇಸ್ಟನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದೆ. ಬಿಂದುಗಳು ಕಂಡವು. ಒಂದೊಂದೂ ಸಾಸಿವೆ ಕಾಳಿಗಿಂತ ಚಿಕ್ಕದು. ಕಾರಿನ ಹಿಂದಿನ ಗಾಜಿನಲ್ಲಿ ಮಂಜು ಕರಗಿಸುವ ಗೆರೆಗಳಿರುತ್ತವಲ್ಲ, ಅವು ತುಂಡಾದರೆ ಹಚ್ಚುವ ವಿದ್ಯುತ್ ಹರಿಯುವ ಬಣ್ಣವನ್ನು ಆಟೋ ಅಂಗಡಿಯಿಂದ ತಂದಿದ್ದೆ. ಅದನ್ನು ಹೊಲಿಗೆ ಸೂಜಿಯ ತುದಿಗೆ ತಾಗಿಸಿದೆ. ಉಡುಪಿ ಕಡೆಯ ರೂಮ್‌ಮೇಟ್ ಟಾರ್ಚ್ ಹಿಡಿದಿದ್ದ. "ಕೈ ನಡುಗಿಸಬೇಡ ಮಾರಾಯ, ಪಕ್ಕದ್ದಕ್ಕೆ ತಾಗಿದರೆ ಮುಗೀತು" ಅಂದ. ಎರಡು ಬಿಂದುಗಳ ನಡುವೆ ಒಂದು ಚುಕ್ಕೆ ಇಟ್ಟೆ. ಒಂದು ಗಂಟೆ ಒಣಗಲು ಬಿಟ್ಟು, ಹೊಸ ಪೇಸ್ಟ್ ಹಾಕಿ, ಫ್ಯಾನ್ ಕೂರಿಸಿ ಆನ್ ಮಾಡಿದೆವು. ಡ್ರೈವರ್‌ನಲ್ಲಿ (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶ) ಎಸ್‌ಎಲ್‌ಐ ಅನ್ನುವ ಆಯ್ಕೆ ಬಂದಿತ್ತು. ಇಬ್ಬರೂ ಮಾತಾಡದೆ ಪರದೆ ನೋಡುತ್ತಾ ನಿಂತಿದ್ದು ಇನ್ನೂ ನೆನಪಿದೆ.

ನನ್ನ ಹತ್ತಿರ ಇದ್ದಿದ್ದು ಎನ್ವಿಡಿಯಾದ ಎರಡು 6600 ಜಿಟಿ ಗ್ರಾಫಿಕ್ಸ್ ಕಾರ್ಡ್. ಡೂಮ್ 3 ಆಟದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಹಾಫ್-ಲೈಫ್ 2 ಆಟದಲ್ಲಿ ನನ್ನ ಪ್ರೊಸೆಸರ್ರೇ ಸುಸ್ತಾಗುತ್ತಿತ್ತು, ಎರಡನೇ ಕಾರ್ಡಿನಿಂದ ಹೆಚ್ಚೇನೂ ಸಿಗಲಿಲ್ಲ. ಇನ್ನೊಂದು ಮಾತು: ತಲಾ 128 ಎಂಬಿ ಮೆಮೊರಿಯ ಎರಡು ಕಾರ್ಡ್ ಸೇರಿದರೆ 256 ಆಗಲ್ಲ. ಒಂದೇ ಚಿತ್ರದ ಸಾಮಗ್ರಿ ಎರಡರಲ್ಲೂ ಇರಬೇಕು, ಹಾಗಾಗಿ ಲೆಕ್ಕಕ್ಕೆ 128ಕ್ಕೇ ನಿಲ್ಲುತ್ತದೆ. ಎರಡು ವರ್ಷದಲ್ಲಿ ಹೊಸ ಆಟಗಳಿಗೆ ಅದು ಸಾಲದಾಯಿತು. ಎಸ್‌ಎಲ್‌ಐ ಆನ್ ಮಾಡಿದರೆ ಆಗ ಎರಡನೇ ಮಾನಿಟರ್ ಕೂಡ ಆಫ್ ಆಗುತ್ತಿತ್ತು.

ಈಗ ಬೀಗದ ವಿಷಯ. ಈ ದಾರಿ ಜನಕ್ಕೆ ಗೊತ್ತಾದ ಮೇಲೆ, ಮುಂದೆ ಬಂದ ಅಲ್ಟ್ರಾ ಚಿಪ್‌ಗಳಲ್ಲಿ ಎನ್ವಿಡಿಯಾದವರು ಆ ಬಿಂದುಗಳ ಮೇಲೆ ಎಪಾಕ್ಸಿ ಅಂಟು ಹಾಕಿ ಮುಚ್ಚಿದರು. ಚಿಪ್ ಮುಟ್ಟದೆ, ಎರಡನೇ ಸ್ಲಾಟಿಗೆ ಎರಡೇ ಲೇನ್ (ಮಾಹಿತಿ ಓಡಾಡುವ ಹಾದಿ) ಕೊಟ್ಟು ಓಡಿಸುವ ದಾರಿಯೂ ಇತ್ತು. ಅದು ಡ್ರೈವರ್‌ನಲ್ಲಿ ಬಂದ್ ಆಯಿತು. 2008ರಲ್ಲಿ ಇಂಟೆಲ್‌ನ ಎಕ್ಸ್58 ಚಿಪ್‌ಸೆಟ್ ಬಂದಾಗ ಅಂಟೂ ಬೇಕಾಗಲಿಲ್ಲ. ಲೈಸೆನ್ಸ್ ಪಡೆದ ಬೋರ್ಡಿನ ಬಯಾಸ್‌ನಲ್ಲಿ (ಆನ್ ಮಾಡಿದಾಗ ಮೊದಲು ಓಡುವ ತಂತ್ರಾಂಶ) ಒಂದು ಗುರುತು ಇಟ್ಟರು, ಡ್ರೈವರ್ ಅದನ್ನು ಹುಡುಕುತ್ತಿತ್ತು. ಗುರುತು ಇಲ್ಲದಿದ್ದರೆ ಎರಡನೇ ಕಾರ್ಡ್ ಇದ್ದೂ ಎಸ್‌ಎಲ್‌ಐ ಇಲ್ಲ.

ಕಂಪನಿಯ ಕಡೆಯ ಮಾತೂ ನನಗೆ ಅರ್ಥವಾಗುತ್ತದೆ. ಪರೀಕ್ಷೆ ಮಾಡದ ಚಿಪ್ಪಿಗೆ ಅವರು ಯಾಕೆ ಜವಾಬ್ದಾರಿ ಹೊರಬೇಕು? ಬಣ್ಣ ಹಚ್ಚಿದವನಿಗೆ ವಾರಂಟಿ ಇಲ್ಲ ಅನ್ನಲಿ, ಒಪ್ಪುತ್ತೇನೆ. ಫ್ಯಾನ್ ಬಿಚ್ಚುವಾಗಲೇ ನಾನು ವಾರಂಟಿ ಆಸೆ ಬಿಟ್ಟಿದ್ದೆ. ಆದರೆ ದುಡ್ಡು ಕೊಟ್ಟು ಮನೆಗೆ ತಂದ ವಸ್ತುವಿನೊಳಗೆ ಇರುವುದನ್ನು ನಾನು ಬಳಸದಂತೆ ಅಂಟು ಹಾಕುವುದು ಬೇರೆ. ಮನೆ ಮಾರಿ, ಒಂದು ಕೋಣೆಗೆ ಮಾತ್ರ ಬೀಗ ಹಾಕಿ ಕೀಲಿ ಇಟ್ಟುಕೊಂಡ ಹಾಗಲ್ವಾ ಇದು? ಇಪ್ಪತ್ತು ವರ್ಷ ಆದರೂ ನನ್ನ ಸಿಟ್ಟು ಇಳಿದಿಲ್ಲ.

2009ರಲ್ಲಿ ಊರಿಗೆ ವಾಪಸ್ ಬಂದಾಗ ಬೋರ್ಡನ್ನು ಬಟ್ಟೆಗಳ ನಡುವೆ ಸುತ್ತಿ ತಂದೆ. ಪವರ್ ಸಪ್ಲೈ ಹಿಂದಿನ ಕೆಂಪು ಸ್ವಿಚ್ಚನ್ನು 230ಕ್ಕೆ ತಿರುಗಿಸಿದ ಮೇಲೆಯೇ ಪ್ಲಗ್ ಹಾಕಿದೆ. ಈ ಬೋರ್ಡಿನ ನಿಜವಾದ ತೊಂದರೆ ಚಿಪ್‌ಸೆಟ್ ಫ್ಯಾನ್. ಮೂರನೇ ವರ್ಷಕ್ಕೇ ಜೀರುಂಡೆ ಹಾಗೆ ಕೂಗಲು ಶುರು ಮಾಡಿತು, ಎರಡು ಸಲ ಬದಲಿಸಿದ್ದೇನೆ. ಬಯಾಸ್ ಬ್ಯಾಟರಿ ಎಷ್ಟು ಸಲವೋ ಲೆಕ್ಕವಿಲ್ಲ. ಬೆಳ್ಳಿ ಚುಕ್ಕೆ ಮಾತ್ರ ಹಾಗೇ ಇದೆ.

ಅಷ್ಟರಲ್ಲಿ ಎಸ್‌ಎಲ್‌ಐ ಕಾಲವೇ ಮುಗಿಯಿತು. 2021ರ ಜನವರಿಯಿಂದ ಹಳೇ ಕಾರ್ಡ್‌ಗಳಿಗೆ ಹೊಸ ಪ್ರೊಫೈಲ್ (ಒಂದೊಂದು ಆಟದಲ್ಲಿ ಎಸ್‌ಎಲ್‌ಐ ಹೇಗೆ ಓಡಬೇಕು ಅನ್ನುವ ಸೆಟ್ಟಿಂಗ್) ಸೇರಿಸುವುದನ್ನು ಎನ್ವಿಡಿಯಾ ನಿಲ್ಲಿಸಿತು. 2022ರ 4090 ಕಾರ್ಡಿನಲ್ಲಿ ಜೋಡಿಸುವ ಕನೆಕ್ಟರೇ ಇಲ್ಲ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮಾರುವವರಿಗೆ ಹೇಳಿ ಚಿಪ್‌ಸೆಟ್ ಫ್ಯಾನ್ ಬಿಚ್ಚಿಸಿ ಒಂದು ಫೋಟೊ ತರಿಸಿಕೊಳ್ಳಿ. ಬಿಂದುಗಳು ಬರಿಗಣ್ಣಿಗೆ ಹೊಳೆಯುತ್ತಿದ್ದರೆ ಸರಿ. ಮೇಲೆ ಅಂಟಿನ ಪದರ ಕಂಡರೆ ಒಂಟಿ ಕಾರ್ಡಿನ ಬೋರ್ಡ್ ಅಂತಲೇ ಬೆಲೆ ಕಟ್ಟಿ. ಅಂಟು ಕೆರೆಯಲು ಹೋಗಬೇಡಿ, ಕೆಳಗಿನ ಬಿಂದುವೂ ಕಿತ್ತು ಬರಬಹುದು.