ಹಳೇ ಎಂಟಿಬಿಯನ್ನು ‘ಸಿಟಿ ಪ್ಯಾಕೇಜ್’ಗೆ ಕೊಡುವ ಮುಂಚೆ ಬ್ರೇಕಿನ ಔಟರ್ ನೋಡಿ

ಮನೆಯ ಮೆಟ್ಟಿಲ ಕೆಳಗೆ ಧೂಳು ಹಿಡಿದು ನಿಂತಿರುವ ಎಂಟಿಬಿಯನ್ನು (ಮೌಂಟನ್ ಬೈಕ್, ಅಂದರೆ ಗುಡ್ಡಗಾಡಿಗೆಂದು ಮಾಡಿದ ಗೇರ್ ಸೈಕಲ್) ಸರಿ ಮಾಡಿಸಿಕೊಂಡು ದಿನಾ ಕೆಲಸಕ್ಕೆ ಓಡಿಸೋಣ ಅಂತ ತುಂಬಾ ಜನ ಯೋಚಿಸುತ್ತೀರಿ. ಒಳ್ಳೆಯ ಯೋಚನೆ, ನಾನೂ ಅದನ್ನೇ ಮಾಡಿದೆ. ಆದರೆ “ಎಲ್ಲಾ ಸೇರಿ ಇಷ್ಟು ಕೊಡಿ, ಸಿಟಿ ಸೈಕಲ್ ಮಾಡಿಕೊಡ್ತೀವಿ” ಅನ್ನುವ ಅಂಗಡಿಯಲ್ಲಿ ಸೈಕಲ್ ಬಿಟ್ಟು ಬರುವ ಮುಂಚೆ, ಬ್ರೇಕಿಗೆ ಯಾವ ಔಟರ್ ಹಾಕುತ್ತಾರೆ ಅಂತ ಕೇಳಿ. ಔಟರ್ ಅಂದರೆ ಬ್ರೇಕ್ ವೈರು ಒಳಗೆ ಓಡುವ ಆ ಕಪ್ಪು ಕೊಳವೆ. ನನ್ನ ಸೈಕಲ್ಲಿನ ಮುಂದಿನ ಬ್ರೇಕಿಗೆ ಗೇರಿನ ಔಟರ್ ಹಾಕಿದ್ದರು. ಇಳಿಜಾರಿನಲ್ಲಿ ಅದು ಸೀಳಿಕೊಂಡಿತು, ನನ್ನ ಎಡ ಮಣಿಕಟ್ಟು ಮುರಿಯಿತು. ಹಿಂದೆ ಬರುತ್ತಿದ್ದ ಆಟೋದವರು ಸಮಯಕ್ಕೆ ನಿಲ್ಲಿಸದಿದ್ದರೆ ಇದನ್ನು ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ.

ಸೈಕಲ್ ನನ್ನ ತಮ್ಮನದು. ಕಾಲೇಜಿನಲ್ಲಿದ್ದಾಗ ಕೊಂಡಿದ್ದ 21 ಗೇರಿನ ಎಂಟಿಬಿ. 26 ಇಂಚಿನ ಚಕ್ರ, ರಿಮ್ಮನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ವಿ-ಬ್ರೇಕು, ಮುಂದೆ ಶಾಕು, ಹಲ್ಲು ಹಲ್ಲಿನ ದಪ್ಪ ಟೈರು. ಮನೆ ಬೆಂಗಳೂರಿನ ಹನುಮಂತನಗರದಲ್ಲಿ, ಕೆಲಸ ಟೌನ್‌ಹಾಲ್ ಹತ್ತಿರ. ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಸೈಕಲ್ಲಿನಲ್ಲಿ ತಲುಪಿಬಿಡಬಹುದಾದ ದೂರ. ಅಂಗಡಿಯವರು ಹೇಳಿದ ಪ್ಯಾಕೇಜು 4,500 ರೂಪಾಯಿ. ಸಪೂರ ನುಣುಪು ಟೈರು ಎರಡು, ಹೊಸ ಚೈನು, ಬ್ರೇಕ್ ಮತ್ತು ಗೇರ್ ವೈರುಗಳು, ಬ್ರೇಕ್ ಶೂ, ಮಡ್‌ಗಾರ್ಡು, ಕ್ಯಾರಿಯರ್ರು, ಜೊತೆಗೆ “ಶಾಕ್ ತೆಗೆದು ಪ್ಲೇನ್ ಫೋರ್ಕು” (ಫೋರ್ಕು ಅಂದರೆ ಮುಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಕವಲು). ಅಷ್ಟು ಸಾಮಾನಿಗೆ ಆ ದುಡ್ಡು ಕಡಿಮೆಯೇ. ಎಲ್ಲಿ ಕಡಿಮೆ ಮಾಡಿದ್ದಾರೆ ಅನ್ನುವುದು ಕಣ್ಣಿಗೆ ಕಾಣುವಂಥದ್ದಲ್ಲ. ಕಾಣುವ ಜಾಗದಲ್ಲಿ ಎಲ್ಲವೂ ಹೊಸದಾಗಿ ಹೊಳೆಯುತ್ತಿತ್ತು.

ಮೊದಲ ತಕರಾರು ಟೈರಿನಲ್ಲೇ ಶುರುವಾಯಿತು. ಎರಡು ದಿನ ಬಿಟ್ಟು ಫೋನ್ ಮಾಡಿ, “ಮೇಡಂ, ನಿಮ್ಮ ರಿಮ್ ಸರಿಯಿಲ್ಲ, ಟೈರ್ ಕೂರ್ತಾ ಇಲ್ಲ, ಎರಡೂ ರಿಮ್ ಬದಲಾಯಿಸ್ಬೇಕು, ಇನ್ನೊಂದು ಎರಡು ಸಾವಿರ ಆಗುತ್ತೆ” ಅಂದರು. ಹೋಗಿ ನೋಡಿದರೆ ತಂದಿದ್ದ ಟೈರಿನ ಪಕ್ಕದಲ್ಲಿ 26 × 1⅜ ಅಂತ ಇತ್ತು. ಇದು ಎಲ್ಲರೂ ಗೊತ್ತು ಮಾಡಿಕೊಳ್ಳಬೇಕಾದ ವಿಷಯ. 26 ಇಂಚು ಅಂತ ಬರೆದ ಟೈರುಗಳೆಲ್ಲ ಒಂದೇ ಅಳತೆಯವಲ್ಲ. ಟೈರಿನ ಮೇಲೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಜೋಡಿ ಸಂಖ್ಯೆ ಇರುತ್ತದೆ. ಅದರಲ್ಲಿ ಎರಡನೆಯದು ಟೈರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಮಿಲಿಮೀಟರಿನಲ್ಲಿ. ಎಂಟಿಬಿಯ 26 ಇಂಚಿಗೆ ಅದು 559. 26 × 1⅜ ಅಂತ ಭಿನ್ನರಾಶಿಯಲ್ಲಿ ಬರೆದ ಟೈರಿಗೆ 590. ಮೂರು ಸೆಂಟಿಮೀಟರ್ ದೊಡ್ಡ ಟೈರು ಯಾವ ಎಂಟಿಬಿ ರಿಮ್ಮಿನ ಮೇಲೂ ನಿಲ್ಲುವುದಿಲ್ಲ. ನಮ್ಮ ತಾತನ ಕಾಲದ ದೊಡ್ಡ ಕಪ್ಪು ಸೈಕಲ್ಲಿನ 28 × 1½ ಟೈರಿನದು 635, ಅದರ ಕತೆಯೇ ಬೇರೆ. ನಮಗೆ ಬೇಕಾದದ್ದು 26 × 1.5 ಅಥವಾ 26 × 1.75. ದಶಮಾಂಶ ಇರಬೇಕು, 559 ಇರಬೇಕು. ಅದನ್ನು ತೋರಿಸಿದ ಮೇಲೆ ಸರಿಯಾದ ಟೈರು ಬಂತು, ರಿಮ್ಮಿನ ಮಾತು ಅಲ್ಲಿಗೇ ನಿಂತಿತು. ನನ್ನದು ಅಲಾಯ್ ರಿಮ್ಮು. ಹೊಳೆಯುವ ಸ್ಟೀಲ್ ರಿಮ್ಮು ಕೊಡುತ್ತೇವೆ ಅಂದರೆ ಒಪ್ಪಬೇಡಿ. ಮಳೆಯಲ್ಲಿ ಸ್ಟೀಲ್ ರಿಮ್ಮಿನ ಮೇಲೆ ಬ್ರೇಕು ಸರಿಯಾಗಿ ಹಿಡಿಯುವುದೇ ಇಲ್ಲ.

ಸೈಕಲ್ ಮನೆಗೆ ಬಂದಾಗ ನೋಡೋಕೆ ಚೆನ್ನಾಗಿತ್ತು. ಓಡಿಸುವಾಗ ಎರಡು ವಿಷಯ ಸರಿ ಅನಿಸಲಿಲ್ಲ, ಅಂಗಡಿಗೆ ಹೋಗಿ ಹೇಳಿಯೂ ಬಂದೆ. ಒಂದು, ಹ್ಯಾಂಡಲ್ ಮೊದಲಿನ ಹಾಗಿಲ್ಲ, ಸ್ವಲ್ಪ ಅಲುಗಿಸಿದರೂ ಥಟ್ಟನೆ ತಿರುಗುತ್ತದೆ. ಇನ್ನೊಂದು, ಬಲಗೈ ಬ್ರೇಕು, ಅಂದರೆ ಮುಂದಿನದು, ಬಿಗಿ. ಒತ್ತಿದರೆ ಹಿಡಿಯುತ್ತದೆ, ಬಿಟ್ಟರೆ ನಿಧಾನವಾಗಿ ವಾಪಸ್ ಬರುತ್ತದೆ. “ಹೊಸ ವೈರು ಅಲ್ವಾ ಮೇಡಂ, ಓಡ್ಸ್ತಾ ಓಡ್ಸ್ತಾ ಸರಿ ಹೋಗುತ್ತೆ” ಅಂದರು. ಒಂದು ತೊಟ್ಟು ಎಣ್ಣೆ ಬಿಟ್ಟು ಕಳಿಸಿದರು.

ಹನುಮಂತನಗರದಿಂದ ಗವಿಪುರದ ಕಡೆ ಇಳಿಯುವ ರಸ್ತೆಗಳು ಗೊತ್ತಿದ್ದವರಿಗೆ ಗೊತ್ತು, ಪೆಡಲ್ ತುಳಿಯುವುದೇ ಬೇಡ. ಬೆಳಿಗ್ಗೆ, ಶಾಲೆಯ ವ್ಯಾನುಗಳ ಹೊತ್ತು. ಮುಂದೆ ಒಂದು ಸ್ಕೂಟರ್ ಅಡ್ಡ ಬಂತು, ಎರಡೂ ಬ್ರೇಕ್ ಒತ್ತಿದೆ. ಬಲಗೈಯಲ್ಲಿ ‘ಟಪ್’ ಅಂತ ಸದ್ದಾಯಿತು, ಲಿವರ್ ಹಿಡಿಕೆಗೆ ತಾಗಿ ನಿಂತಿತು. ಬ್ರೇಕಿನ ಹೆಚ್ಚು ಶಕ್ತಿ ಇರುವುದು ಮುಂದಿನ ಚಕ್ರದಲ್ಲಿ. ನಿಲ್ಲಿಸುವಾಗ ಭಾರವೆಲ್ಲ ಮುಂದಕ್ಕೆ ಬೀಳುವುದರಿಂದ ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ. ಆಗಿದ್ದೂ ಅದೇ. ಹಿಂದಿನ ಚಕ್ರ ಲಾಕ್ ಆಗಿ ಪಕ್ಕಕ್ಕೆ ಎಳೆಯಿತು, ಹ್ಯಾಂಡಲ್ ತಿರುಗಿತು, ನನ್ನ ಬೂಟಿನ ತುದಿ ಮುಂದಿನ ಮಡ್‌ಗಾರ್ಡಿಗೆ ಸಿಕ್ಕಿಕೊಂಡಿತು. ಎಡಗೈ ಊರಿಕೊಂಡು ಬಿದ್ದೆ.

ಸೈಕಲ್ಲನ್ನು ಅದೇ ಅಂಗಡಿಗೆ ಕಳಿಸಲು ಮನಸ್ಸು ಬರಲಿಲ್ಲ. ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ ತಮ್ಮ ಅದನ್ನು ನಮ್ಮ ಬೀದಿ ಕೊನೆಯಲ್ಲಿ ಪಂಕ್ಚರ್ ಹಾಕುವ ವಯಸ್ಸಾದ ಮೇಸ್ತ್ರಿಯ ಹತ್ತಿರ ತಳ್ಳಿಕೊಂಡು ಹೋದ, ನಾನೂ ಜೊತೆಗೆ ಹೋದೆ. ಅವರು ಕನ್ನಡಕ ಹಣೆಗೆ ಏರಿಸಿ ಲಿವರಿನ ಬುಡ ನೋಡಿದರು, ಔಟರ್ ಕಿತ್ತು ನನ್ನ ಕೈಗೆ ಕೊಟ್ಟರು. ಕಪ್ಪು ಪ್ಲಾಸ್ಟಿಕ್ ಒಂದು ಬೆರಳಿನಷ್ಟು ಉದ್ದ ಸೀಳಿತ್ತು. ಒಳಗಿನ ತೆಳು ಉಕ್ಕಿನ ತಂತಿಗಳು ಕಟ್ಟು ಬಿಚ್ಚಿದ ಕಡ್ಡಿ ಪೊರಕೆಯ ಹಾಗೆ ಹೊರಗೆ ಚೆಲ್ಲಿದ್ದವು. “ಅಮ್ಮ, ಇದು ಗೇರಿನ ಔಟರು. ಬ್ರೇಕಿಗೆ ಇದನ್ನ ಹಾಕ್ತಾರಾ ಯಾರಾದ್ರೂ?” ಅಂದರು. ಆಮೇಲೆ ಡಬ್ಬಿಯಿಂದ ಹಳೆಯ ಬ್ರೇಕ್ ಔಟರಿನ ತುಂಡೊಂದನ್ನು ತೆಗೆದು ಪ್ಲಾಸ್ಟಿಕ್ ಸುಲಿದು ಪಕ್ಕದಲ್ಲಿಟ್ಟರು. ಅದರಲ್ಲಿ ಚಪ್ಪಟೆ ತಂತಿಯೊಂದು ಸ್ಪ್ರಿಂಗಿನಂತೆ ಸುತ್ತಿಕೊಂಡು ಹೋಗಿತ್ತು.

ಈ ವ್ಯತ್ಯಾಸ ಸುಮ್ಮನೆ ಬಂದಿದ್ದಲ್ಲ. ಗೇರು ಟಿಕ್ ಟಿಕ್ ಅಂತ ಸರಿಯಾಗಿ ಬೀಳಬೇಕಾದರೆ ಔಟರಿನ ಉದ್ದ ಕೂದಲೆಳೆಯಷ್ಟೂ ಕುಗ್ಗಬಾರದು. ಅದಕ್ಕೇ ಅದರೊಳಗಿನ ತಂತಿಗಳು ಉದ್ದುದ್ದಕ್ಕೆ ಸಾಲಾಗಿರುತ್ತವೆ, ಅವನ್ನು ಹಿಡಿದಿಟ್ಟಿರುವುದು ಹೊರಗಿನ ಪ್ಲಾಸ್ಟಿಕ್ ಮಾತ್ರ. ಗೇರಿನ ವೈರಿನ ಎಳೆತ ಸಣ್ಣದು, ಅಷ್ಟನ್ನು ಪ್ಲಾಸ್ಟಿಕ್ ತಡೆಯುತ್ತದೆ. ಬ್ರೇಕಿನಲ್ಲಿ ಗಾಬರಿಯಿಂದ ಒತ್ತುವ ಬಲ ಬೇರೆಯೇ. ಆ ಬಲ ಬಿದ್ದಾಗ ತಂತಿಗಳು ಪ್ಲಾಸ್ಟಿಕ್ ಹರಿದುಕೊಂಡು ಆಚೆ ಬರುತ್ತವೆ. ಬ್ರೇಕ್ ಔಟರಿನಲ್ಲಿ ಸುತ್ತಿದ ತಂತಿಯೇ ಭಾರ ಹೊರುವುದರಿಂದ ಅದು ಸ್ವಲ್ಪ ಕುಗ್ಗೀತೇ ಹೊರತು ಸಿಡಿಯುವುದಿಲ್ಲ. ಗೇರಿನ ಔಟರ್ ಕೆಲವು ದಿನ ಚೆನ್ನಾಗಿಯೇ ಕೆಲಸ ಮಾಡುತ್ತದೆ, ನಿಜವಾಗಿ ಜೋರಾಗಿ ಒತ್ತಬೇಕಾದ ಹೊತ್ತಿಗೆ ಕೈ ಕೊಡುತ್ತದೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಗುರುತಿಸುವುದು ಹೇಗೆ? ಸಾಮಾನ್ಯವಾಗಿ ಗೇರ್ ಔಟರ್ 4 ಮಿ.ಮೀ., ಬ್ರೇಕಿನದು 5 ಮಿ.ಮೀ. ದಪ್ಪ. ಆದರೆ 5 ಮಿ.ಮೀ.ನ ಗೇರ್ ಔಟರ್‌ಗಳೂ ಇವೆ, ದಪ್ಪ ನೋಡಿ ನಂಬಬೇಡಿ. ಕತ್ತರಿಸಿದ ತುದಿ ನೋಡಿ. ತುದಿಯ ಸುತ್ತ ಸಣ್ಣ ಸಣ್ಣ ತಂತಿಗಳ ಚುಕ್ಕಿ ಕಂಡರೆ ಅದು ಗೇರಿನದು. ಒಂದೇ ಚಪ್ಪಟೆ ಸುರುಳಿಯ ಕೊನೆ ಕಂಡರೆ ಬ್ರೇಕಿನದು. ಸೈಕಲ್ ಬಿಡಿಭಾಗ ಮಾಡುವ ಶಿಮಾನೋ ಕಂಪನಿಯ ಗೇರ್ ಔಟರ್ ಮೇಲೆ ‘ಎಸ್‌ಐಎಸ್’ (SIS) ಅಂತ ಅಚ್ಚಾಗಿರುತ್ತದೆ. ಒಳಗಿನ ವೈರಿನಲ್ಲೂ ಬೇರೆ ಬೇರೆ ಇವೆ. ಬ್ರೇಕಿನದು 1.5 ಮಿ.ಮೀ. ಅಥವಾ ತುಸು ಹೆಚ್ಚು, ಗೇರಿನದು 1.2 ಮಿ.ಮೀ. ಆಸುಪಾಸು. ನನ್ನ ಬಲಗೈ ಬ್ರೇಕು ಯಾಕೆ ಬಿಗಿಯಾಗಿತ್ತು ಅಂತ ಆಗ ಅರ್ಥವಾಯಿತು. ದಪ್ಪ ವೈರನ್ನು ಸಪೂರ ತೂತಿನಲ್ಲಿ ತೂರಿಸಿದ್ದರು. ಲಿವರ್ ನಿಧಾನವಾಗಿ ವಾಪಸ್ ಬರುತ್ತಿದ್ದರೆ ಎಣ್ಣೆ ಬಿಡಿಸಿಕೊಂಡು ಬರಬೇಡಿ, ಔಟರ್ ಬಿಚ್ಚಿ ತೋರಿಸಿ ಅನ್ನಿ.

ಇನ್ನು ಫೋರ್ಕು. ಮೇಸ್ತ್ರಿ ಅದನ್ನು ನೋಡಿದ ಕೂಡಲೇ, “ಇದು ಹುಡುಗರ ಸಾದಾ ಸೈಕಲ್ಲಿನದು” ಅಂದರು. ಶಾಕ್ ಇರುವ ಫೋರ್ಕು ಎತ್ತರ, ಯಾಕೆಂದರೆ ಶಾಕು ಒಳಗೆ ಇಳಿಯಲು ಜಾಗ ಬೇಕು. ಆ ಎತ್ತರ ಲೆಕ್ಕ ಹಿಡಿದೇ ಎಂಟಿಬಿಯ ಫ್ರೇಮನ್ನು ಮಾಡಿರುತ್ತಾರೆ. 80 ಮಿ.ಮೀ. ಇಳಿಯುವ ಶಾಕಿನ ಫೋರ್ಕಿನಲ್ಲಿ ಚಕ್ರದ ಅಚ್ಚಿನಿಂದ ಮೇಲಿನ ಭುಜದವರೆಗೆ ಸುಮಾರು 45 ಸೆಂ.ಮೀ. ಇರುತ್ತದೆ, 26 ಇಂಚಿನ ಸಾದಾ ಫೋರ್ಕಿನಲ್ಲಿ 40 ಸೆಂ.ಮೀ. ಹತ್ತಿರ. ಐದು ಸೆಂಟಿಮೀಟರ್ ಕಡಿಮೆಯಾದರೆ ಸೈಕಲ್ಲಿನ ಮೂತಿ ಕೆಳಗೆ ಬಗ್ಗುತ್ತದೆ. ಫೋರ್ಕು ಓರೆಯಾಗಿ ನಿಂತಿರುವ ಕೋನ ಎರಡು ಡಿಗ್ರಿಗೂ ಹೆಚ್ಚು ನೆಟ್ಟಗಾಗುತ್ತದೆ. ಹ್ಯಾಂಡಲ್ ಥಟ್ಟನೆ ತಿರುಗುತ್ತಿದ್ದುದು ಅದಕ್ಕೆ. ಮುಂದಿನ ಚಕ್ರ ಕಾಲಿನ ಹತ್ತಿರ ಬರುತ್ತದೆ, ಮೇಲೆ ಮಡ್‌ಗಾರ್ಡ್ ಬೇರೆ, ಹಾಗಾಗಿ ಬೂಟು ತಾಗುತ್ತದೆ. ಪೆಡಲ್ ಕೂಡ ಸುಮಾರು ಎರಡು ಸೆಂಟಿಮೀಟರ್ ಕೆಳಗೆ ಬರುತ್ತದೆ. ನಮ್ಮ ಊರಿನ ಹಂಪುಗಳ ಮೇಲೆ ಪೆಡಲ್ ತುಳಿಯುತ್ತಾ ದಾಟಿದರೆ ಕೆರೆಯುತ್ತದೆ.

ಶಾಕ್ ತೆಗೆಯಲೇಬಾರದು ಅಂತಲ್ಲ. ಶಾಕ್ ಇರುವ ಫ್ರೇಮಿಗೆಂದೇ ಅದೇ ಎತ್ತರಕ್ಕೆ ಮಾಡಿದ ಸಾದಾ ಫೋರ್ಕುಗಳು ಸಿಗುತ್ತವೆ, ಬೆಲೆ ಜಾಸ್ತಿ. ಅಷ್ಟು ದುಡ್ಡು ಇಲ್ಲದಿದ್ದರೆ ಹಳೇ ಶಾಕನ್ನೇ ಇಟ್ಟುಕೊಳ್ಳಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ ನೋಡಿ. ಕಾಲುಗಳು ಗಡಗಡ ಆಡದಿದ್ದರೆ, ತುಕ್ಕು ತಿಂದಿಲ್ಲದಿದ್ದರೆ, ಸ್ವಲ್ಪ ಭಾರ ಅನ್ನುವುದು ಬಿಟ್ಟು ಆಫೀಸಿಗೆ ಹೋಗಿಬರಲು ಅದರಿಂದ ತೊಂದರೆ ಇಲ್ಲ. ನನ್ನ ಶಾಕು ಚೆನ್ನಾಗಿಯೇ ಇತ್ತು ಅಂತ ತಮ್ಮ ಹೇಳುತ್ತಾನೆ. ಅಂಗಡಿಯವರನ್ನು ವಾಪಸ್ ಕೇಳಿದರೆ, “ಗುಜರಿಗೆ ಹಾಕ್ಬಿಟ್ವಲ್ಲ” ಅಂದರು. ಹಾಗಾಗಿ ಬಿಚ್ಚಿದ ಸಾಮಾನೆಲ್ಲ ಒಂದು ಚೀಲದಲ್ಲಿ ಹಾಕಿ ವಾಪಸ್ ಕೊಡಬೇಕು ಅಂತ ಮೊದಲೇ ಹೇಳಿ. ಕೊಡಲು ಹಿಂದೆ ಮುಂದೆ ನೋಡುವವರಿಗೆ ಸೈಕಲ್ ಕೊಡಬೇಡಿ.

ಚೈನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹೊಸ ಚೈನು ಹಾಕಿ ಹಳೇ ಫ್ರೀವೀಲ್ (ಹಿಂದಿನ ಚಕ್ರದ ಹಲ್ಲಿನ ಬಿಲ್ಲೆಗಳು) ಹಾಗೇ ಬಿಟ್ಟಿದ್ದರು, ಏರಿನಲ್ಲಿ ಜೋರಾಗಿ ತುಳಿದರೆ ಚೈನು ಹಲ್ಲಿನ ಮೇಲೆ ಹಾರುತ್ತಿತ್ತು. ಸ್ಕೇಲ್ ಹಿಡಿದು ನೋಡಿದರೆ ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 24 ಕೊಂಡಿಗೆ ಸರಿಯಾಗಿ 12 ಇಂಚು ಇರುತ್ತದೆ. ಹಳೆಯದು 12⅛ ಇಂಚಿಗೆ ಬಂದಿದ್ದರೆ ಫ್ರೀವೀಲಿನ ಹಲ್ಲೂ ಸವೆದಿರುತ್ತದೆ, ಎರಡನ್ನೂ ಒಟ್ಟಿಗೆ ಬದಲಿಸಬೇಕು. ಇಲ್ಲವಾದರೆ ಎರಡನ್ನೂ ಮುಟ್ಟದೆ ಹಳೆಯದರಲ್ಲೇ ಓಡಿಸುವುದು ವಾಸಿ.

ಕೈ ಪ್ಲಾಸ್ಟರಿನಲ್ಲಿದ್ದಾಗ ಸೀಳಿದ ಔಟರ್ ಹಿಡಿದುಕೊಂಡು ಅಂಗಡಿಗೆ ಹೋದೆ. ಮೊದಲು, “ಕಂಪನಿ ಮಾಲಿನಲ್ಲೇ ಡಿಫೆಕ್ಟು” ಅಂದರು. ಗೇರಿನ ಔಟರ್ ಅಂತ ತೋರಿಸಿದಾಗ, “ಎಲ್ಲರೂ ಇದನ್ನೇ ಹಾಕೋದು ಮೇಡಂ, ರೋಲ್ ಒಂದೇ ಇರುತ್ತೆ” ಅಂದರು. ಆ ಮಾತು ಕೇಳಿಯೇ ಇದನ್ನು ಬರೆಯಲೇಬೇಕು ಅನಿಸಿದ್ದು. ಆ ರೋಲಿನಿಂದ ಇನ್ನೆಷ್ಟು ಸೈಕಲ್ಲಿಗೆ ಕತ್ತರಿಸಿ ಹಾಕಿದ್ದಾರೋ! ಅದರಲ್ಲಿ ಶಾಲೆಗೆ ಹೋಗುವ ಮಕ್ಕಳ ಸೈಕಲ್ಲು ಎಷ್ಟೋ.

ದುಡ್ಡು ವಾಪಸ್ ಬರಲಿಲ್ಲ. ನನ್ನ ಹತ್ತಿರ ಇದ್ದದ್ದು ‘ಸೈಕಲ್ ರಿಪೇರಿ’ ಅಂತ ಬರೆದ ಚೀಟಿ ಮಾತ್ರ, ಅಂಗಡಿಯ ಹೆಸರೂ ಇಲ್ಲ, ಸಾಮಾನಿನ ಪಟ್ಟಿಯೂ ಇಲ್ಲ. ಬಿಲ್ ಕೇಳಿದಾಗ, “ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರುತ್ತೆ” ಅಂದಿದ್ದರು. ಸೇರಲಿ, ಬಿಲ್ ಹಾಕಿಸಿ. ಏನೇನು ಹಾಕಿದರು ಅಂತ ಒಂದೊಂದೂ ಅದರಲ್ಲಿ ಬರೆದಿರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇಂಥ ಸೇವಾ ಲೋಪಕ್ಕೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಕೊಂಡಿದ್ದರ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಗ್ರಾಹಕರ ಸಹಾಯವಾಣಿ 1915. ಬಿಲ್ ಕೈಯಲ್ಲಿದ್ದರೆ ಅಲ್ಲಿ ಮಾತಿಗೆ ಬಲ ಬರುತ್ತದೆ.

ಕಡಿಮೆ ದುಡ್ಡಿನಲ್ಲಿ ಮಾಡಿಸಲೇಬೇಕು ಅಂದರೆ ನಾನು ಹೇಳುವುದು ಇಷ್ಟು: ಮೊದಲು ನುಣುಪು ಟೈರು, ಒಳ್ಳೆಯ ಬ್ರೇಕ್ ಶೂ, ಬ್ರೇಕಿಗೆ ಹೊಸ ವೈರು ಮತ್ತು ಬ್ರೇಕಿನದೇ ಔಟರು. ದಪ್ಪ ಹಲ್ಲಿನ ಟೈರು ಹೋಗಿ ನುಣುಪು ಟೈರು ಬಂದರೆ ಅದೊಂದರಲ್ಲೇ ಸೈಕಲ್ ಎಷ್ಟು ಹಗುರಾಗಿ ಓಡುತ್ತದೆ ಅಂತ ನೀವೇ ನೋಡುತ್ತೀರಿ. ಡಾಂಬರಿನ ಮೇಲೆ ಅದು ಜಾರುತ್ತದೆ ಅನ್ನುವ ಭಯ ಬೇಡ. ಮಡ್‌ಗಾರ್ಡು, ಕ್ಯಾರಿಯರ್ರು, ದೀಪ ಸಂಬಳ ಬಂದ ಹಾಗೆ ಒಂದೊಂದಾಗಿ ಹಾಕಿಸಿ. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತಿರಿ. ಬೀದಿ ಬದಿಯ ಮೇಸ್ತ್ರಿಗಳು ಬೇಡ ಅನ್ನುವುದಿಲ್ಲ, ಕೇಳಿದ್ದಕ್ಕೆಲ್ಲ ತೋರಿಸಿ ಹೇಳುತ್ತಾರೆ.

ಅಂಗಡಿಯಿಂದ ಹೊರಡುವ ಮುಂಚೆ ಅಲ್ಲೇ ನಿಂತು ಎರಡೂ ಲಿವರುಗಳನ್ನು ಮುಷ್ಟಿಯಲ್ಲಿ ಹಿಡಿದು, ಇರುವ ಬಲವೆಲ್ಲ ಹಾಕಿ ನಾಲ್ಕೈದು ಸಲ ಒತ್ತಿ. ಸಿಡಿಯುವುದಿದ್ದರೆ ಅಲ್ಲೇ ಸಿಡಿಯಲಿ. ಬ್ರೇಕ್ ಶೂ ರಿಮ್ಮಿಗೆ ಮಾತ್ರ ತಾಗಬೇಕು, ಟೈರಿಗೆ ತಾಗಿದರೆ ಟೈರನ್ನು ಕೊಯ್ದುಬಿಡುತ್ತದೆ. ಪೆಡಲ್ ಅಡ್ಡಕ್ಕೆ ಇಟ್ಟು ಹ್ಯಾಂಡಲ್ ತಿರುಗಿಸಿ, ಬೂಟು ಮುಂದಿನ ಚಕ್ರಕ್ಕೆ ತಾಗುತ್ತದಾ ನೋಡಿ. ಈಗಾಗಲೇ ಇಂಥ ಪ್ಯಾಕೇಜ್ ಮಾಡಿಸಿ ಓಡಿಸುತ್ತಿದ್ದರೆ, ಇವತ್ತು ಸಂಜೆಯೇ ಲಿವರಿನ ಬುಡದಲ್ಲಿ ಔಟರ್ ಒಳಗೆ ಹೋಗುವ ಜಾಗವನ್ನು ಮೊಬೈಲ್ ಬೆಳಕು ಹಾಕಿ ನೋಡಿ. ಪ್ಲಾಸ್ಟಿಕ್ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಒಂದೇ ಒಂದು ತಂತಿ ಆಚೆ ಇಣುಕುತ್ತಿದ್ದರೂ ನಾಳೆ ಬಸ್ಸಿನಲ್ಲಿ ಹೋಗಿ.