ನೀರು, ನೆಲೆ, ದಾರಿ: ಎಳೆಯ ಓದುಗರ ಕೈಗೆ ‘ಭೀಮಾಯನ’

ಮಕ್ಕಳಿಗಾಗಿ ಬರೆಯುವ ಜೀವನಚರಿತ್ರೆಗಳಿಗೆ ನಮ್ಮಲ್ಲಿ ಒಂದು ಸಿದ್ಧ ಅಚ್ಚು ಇದೆ. ಹುಟ್ಟಿದ ಊರು, ತಂದೆತಾಯಿಯರ ಹೆಸರು, ಬಡತನ, ಕಷ್ಟಪಟ್ಟು ಮಾಡಿದ ಓದು, ಪದವಿಗಳ ಪಟ್ಟಿ, ಅಲಂಕರಿಸಿದ ಹುದ್ದೆಗಳು, ಕೊನೆಗೆ ನಿಧನದ ದಿನಾಂಕ. ಡಾ. ಬಿ.ಆರ್. ಅಂಬೇಡ್ಕರ್ ಅವರನ್ನು ಕುರಿತ ಹೆಚ್ಚಿನ ಮಕ್ಕಳ ಪುಸ್ತಕಗಳೂ ಈ ಅಚ್ಚಿನಿಂದಲೇ ಹೊರಬಂದವು. ಏಪ್ರಿಲ್ 14ರ ಭಾಷಣ ಸ್ಪರ್ಧೆಗೆ ನಿಂತ ಎಂಟನೆಯ ತರಗತಿಯ ಹುಡುಗಿ, ಹುಟ್ಟೂರು ಮಹೂ, ಕೊಲಂಬಿಯಾ ವಿಶ್ವವಿದ್ಯಾಲಯ, ಲಂಡನ್, ಸಂವಿಧಾನದ ಕರಡು ಸಮಿತಿ ಎಂದು ತಡವರಿಸದೆ ಹೇಳಿಬಿಡುತ್ತಾಳೆ. ಆದರೆ ಅವರು ಯಾವುದರ ವಿರುದ್ಧ ಹೋರಾಡಿದರೋ ಅದು ದಿನನಿತ್ಯದ ಬದುಕಿನಲ್ಲಿ ಹೇಗಿತ್ತು ಎಂದು ಕೇಳಿದರೆ ‘ಅಸ್ಪೃಶ್ಯತೆ ಎಂಬ ಸಾಮಾಜಿಕ ಪಿಡುಗು’ ಎಂಬ ಪಠ್ಯಪುಸ್ತಕದ ಸಾಲನ್ನು ಬಿಟ್ಟು ಅವಳ ಬಳಿ ಬೇರೇನೂ ಇರುವುದಿಲ್ಲ. ಅದು ಅವಳ ತಪ್ಪಲ್ಲ, ನಾವು ಅವಳ ಕೈಗಿತ್ತ ಪುಸ್ತಕಗಳ ತಪ್ಪು.

ದೆಹಲಿಯ ನವಯಾನ ಪ್ರಕಾಶನ 2011ರಲ್ಲಿ ಹೊರತಂದ ‘ಭೀಮಾಯನ’ ಈ ಕೊರತೆಯನ್ನು ನೇರವಾಗಿ ಎದುರಿಸುವ ಚಿತ್ರಪುಸ್ತಕ. ಚಿತ್ರಗಳು ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ದಂಪತಿಯವು. ಬರಹ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು, ಮುನ್ನುಡಿ ಬರೆದವರು ಇಂಗ್ಲಿಷ್ ಲೇಖಕ, ಕಲಾ ವಿಮರ್ಶಕ ಜಾನ್ ಬರ್ಜರ್. ಪುಸ್ತಕ ಅಂಬೇಡ್ಕರ್ ಅವರ ಇಡೀ ಬದುಕನ್ನು ಹೇಳಲು ಹೊರಡುವುದಿಲ್ಲ. ನೀರು, ನೆಲೆ, ಪ್ರಯಾಣ ಎಂಬ ಮೂರು ಭಾಗಗಳಲ್ಲಿ, ಮನುಷ್ಯನೊಬ್ಬನಿಗೆ ತೀರ ಸಹಜವಾಗಿ ಸಿಗಬೇಕಾದ ಮೂರು ಸಂಗತಿಗಳು ಅವರಿಗೆ ಹೇಗೆ ಸಿಗದೆ ಹೋದವು ಎಂಬುದನ್ನಷ್ಟೇ ಆರಿಸಿಕೊಂಡು ಹೇಳುತ್ತದೆ. ನಾಲ್ಕನೆಯ ಭಾಗ ಈ ಪುಸ್ತಕದ ಚಿತ್ರಗಳು ರೂಪುಗೊಂಡ ಬಗೆಯನ್ನು ವಿವರಿಸುತ್ತದೆ. ನನ್ನ ಮಟ್ಟಿಗೆ ಈ ಆಯ್ಕೆಯೇ ಪುಸ್ತಕದ ದೊಡ್ಡ ಗುಣ. ಹದಿಮೂರು ಹದಿನಾಲ್ಕರ ವಯಸ್ಸಿನವರಿಗೆ ‘ಸಮಾನತೆ’ ಒಂದು ಉತ್ತರಪತ್ರಿಕೆಯ ಪದ, ಬಾಯಾರಿಕೆ ಹಾಗಲ್ಲ.

ಮೂಲ ಸಾಮಗ್ರಿ ಬಹುತೇಕ ಅಂಬೇಡ್ಕರ್ ಅವರದೇ. 1935-36ರ ಸುಮಾರಿಗೆ ಅವರು ಇಂಗ್ಲಿಷಿನಲ್ಲಿ ಬರೆದಿಟ್ಟ, ಅವರ ನಿಧನಾನಂತರ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಹೆಸರಿನಿಂದ ಪ್ರಕಟವಾದ ಆತ್ಮಕಥನದ ಕಿರು ಟಿಪ್ಪಣಿಗಳ ಮೇಲೆ ಪುಸ್ತಕ ನಿಂತಿದೆ. ಸಾತಾರದ ಶಾಲೆಯಲ್ಲಿ ಬಾಲಕ ಭೀಮ ತನ್ನದೇ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕುಳಿತುಕೊಳ್ಳಬೇಕು. ಆ ತಟ್ಟನ್ನು ಶಾಲೆಯ ಆಳು ಮುಟ್ಟುವುದಿಲ್ಲವಾದ್ದರಿಂದ ಸಂಜೆ ಮನೆಗೆ ಹೊತ್ತುಕೊಂಡು ಹೋಗಿ ಬೆಳಿಗ್ಗೆ ಮತ್ತೆ ತರಬೇಕು. ಬಾಯಾರಿದರೆ ಉಳಿದ ಮಕ್ಕಳಂತೆ ನಲ್ಲಿ ತಿರುಗಿಸುವ ಹಾಗಿಲ್ಲ, ಜವಾನ ಬಂದು ತಿರುಗಿಸಬೇಕು, ಜವಾನ ಬಾರದ ದಿನ ನೀರೂ ಇಲ್ಲ. 1901ರ ಬೇಸಿಗೆಯಲ್ಲಿ ಗೋರೆಗಾಂವ್‌ನಲ್ಲಿ ನೌಕರಿಯಲ್ಲಿದ್ದ ತಂದೆಯನ್ನು ನೋಡಲು ಮಕ್ಕಳು ಹೊರಡುವ ಪ್ರಸಂಗವಂತೂ ಯಾವ ಕಥೆಗಾರನೂ ಇದಕ್ಕಿಂತ ಚೆನ್ನಾಗಿ ಕಟ್ಟಲಾರ ಎಂಬಷ್ಟು ಬಿಗಿಯಾಗಿದೆ. ಹೊಸ ಅಂಗಿ, ಜರಿ ಟೋಪಿ, ರೇಷ್ಮೆಯಂಚಿನ ಧೋತರ ತೊಟ್ಟು ಮಸೂರ್ ನಿಲ್ದಾಣದಲ್ಲಿ ಇಳಿದ ಮಕ್ಕಳನ್ನು ಸ್ಟೇಷನ್ ಮಾಸ್ತರರು ಮೊದಲು ಒಳ್ಳೆಯ ಮನೆತನದವರೆಂದೇ ತಿಳಿಯುತ್ತಾರೆ. ಜಾತಿ ಗೊತ್ತಾದ ಕ್ಷಣ ಅವರ ಮುಖಚರ್ಯೆ ಬದಲಾಗುತ್ತದೆ. ಎರಡು ಪಟ್ಟು ಬಾಡಿಗೆ ಕೊಟ್ಟರೂ ಗಾಡಿಯವರು ಒಪ್ಪುವುದಿಲ್ಲ. ಕೊನೆಗೆ ಮಕ್ಕಳೇ ಗಾಡಿ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ ಎಂಬ ಒಪ್ಪಂದಕ್ಕೆ ಒಬ್ಬ ಸಿಗುತ್ತಾನೆ. ರಾತ್ರಿ ಸುಂಕದ ಕಟ್ಟೆಯ ಬಳಿ ಬುತ್ತಿ ಇದೆ, ಕುಡಿಯಲು ನೀರಿಲ್ಲ. ಆದ್ದರಿಂದ ಉಣ್ಣದೆಯೇ ಮಲಗಬೇಕು. ಹಣದಿಂದಲೂ ಒಳ್ಳೆಯ ಬಟ್ಟೆಯಿಂದಲೂ ಜಾತಿಯನ್ನು ದಾಟಲಾಗದು ಎಂಬ ಮಾತನ್ನು ಇಲ್ಲಿ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಈ ಬಾಯಾರಿಕೆಯಿಂದಲೇ ಪುಸ್ತಕ ಮಹಾರಾಷ್ಟ್ರದ ಮಹಾಡಕ್ಕೆ ಬರುತ್ತದೆ. 1927ರ ಮಾರ್ಚ್ 20ರಂದು, ಅಸ್ಪೃಶ್ಯರು ಮುಟ್ಟುವಂತಿಲ್ಲದ ಚವದಾರ್ ಕೆರೆಗೆ ಅಂಬೇಡ್ಕರ್ ಅವರೊಂದಿಗೆ ಇಳಿದು ಸಾವಿರಾರು ಜನ ನೀರು ಮುಟ್ಟಿದ ಘಟನೆ ನಮ್ಮ ಪಠ್ಯಗಳಲ್ಲಿ ಇಸವಿಯೊಂದಿಗೆ ಒಂದು ಸಾಲಾಗಿ ಬಂದು ಹೋಗುತ್ತದೆ. ಇಲ್ಲಿ ಅದು ಶಾಲೆಯ ನಲ್ಲಿಯ ಮುಂದೆ ಜವಾನನಿಗಾಗಿ ಕಾದು ನಿಂತ ಹುಡುಗ ದೊಡ್ಡವನಾಗಿ ಮಾಡಿದ ಕೆಲಸವಾಗಿ ಕಾಣುತ್ತದೆ. ಕಾರಣ ಮತ್ತು ಕಾರ್ಯವನ್ನು ಹೀಗೆ ಒಂದೇ ದಾರದಲ್ಲಿ ಪೋಣಿಸಿದ ಮಕ್ಕಳ ಜೀವನಚರಿತ್ರೆ ನಮ್ಮಲ್ಲಿ ಅಪರೂಪ.

ಎರಡನೆಯ ಭಾಗದಲ್ಲಿ 1917ರ ಬರೋಡಾ ಇದೆ. ಮಹಾರಾಜ ಸಯಾಜಿರಾವ್ ಗಾಯಕವಾಡರ ನೆರವಿನಿಂದ ಅಮೆರಿಕದಲ್ಲಿ ಓದಿ ಬಂದು ಅದೇ ಸಂಸ್ಥಾನದ ಸೇವೆಗೆ ಸೇರಿದ ಯುವಕನಿಗೆ ಇಡೀ ನಗರದಲ್ಲಿ ಒಂದು ಕೋಣೆ ಸಿಗುವುದಿಲ್ಲ. ಪಾರ್ಸಿ ಧರ್ಮಶಾಲೆಯೊಂದರಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದುಕೊಳ್ಳುತ್ತಾರೆ. ಹನ್ನೊಂದನೆಯ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಗುಂಪೊಂದು ಬಂದು ಸಂಜೆಯೊಳಗೆ ಜಾಗ ಖಾಲಿ ಮಾಡುವಂತೆ ಹೇಳುತ್ತದೆ. ಗೆಳೆಯರು ಆಶ್ರಯ ಕೊಡಲು ಹಿಂದೆಗೆಯುತ್ತಾರೆ. ಕಾಮಾಟಿ ಬಾಗ್ ಉದ್ಯಾನದಲ್ಲಿ ಕುಳಿತು ರಾತ್ರಿಯ ರೈಲಿಗೆ ಕಾಯುವುದೊಂದೇ ಉಳಿಯುತ್ತದೆ. ನಮ್ಮ ಊರುಗಳಲ್ಲಿ ಬಾಡಿಗೆ ಮನೆ ಹುಡುಕುವಾಗ ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆಯನ್ನು ಕೇಳಿಸಿಕೊಂಡ ಮನೆಗಳ ಮಕ್ಕಳು ಈ ಭಾಗವನ್ನು ನೂರು ವರ್ಷ ಹಿಂದಿನ ಕಥೆಯಾಗಿ ಓದಲಾರರು. ಆ ಪ್ರಶ್ನೆಯನ್ನು ಕೇಳಿದ ಮನೆಗಳ ಮಕ್ಕಳೂ ಓದಬೇಕು, ಅವರು ಇನ್ನೂ ಮುಖ್ಯವಾಗಿ ಓದಬೇಕು.

ಮೂರನೆಯ ಭಾಗದ ಚಾಳೀಸಗಾಂವ್ ಅಪಘಾತ ಮತ್ತು 1934ರ ದೌಲತಾಬಾದ್ ಕೋಟೆಯ ಪ್ರಸಂಗಗಳು ಮೊದಲೆರಡರಷ್ಟು ಒಳಗಿಳಿಯುವುದಿಲ್ಲ, ಬಹುಶಃ ಬಾಲಕನ ಕಣ್ಣು ಇಲ್ಲಿ ಇಲ್ಲದಿರುವುದರಿಂದ. ಆದರೂ ಬ್ಯಾರಿಸ್ಟರ್ ಆದವರನ್ನು ಕೂರಿಸಿಕೊಂಡು ಟಾಂಗಾ ಹೊಡೆಯಲು ಟಾಂಗಾದವನು ಒಪ್ಪದೆ, ಅನುಭವವಿಲ್ಲದ ಬೇರೊಬ್ಬನು ಹಗ್ಗ ಹಿಡಿದು, ಗಾಡಿ ಮಗುಚಿ ಅಂಬೇಡ್ಕರ್ ಅವರ ಕಾಲು ಮುರಿದ ಘಟನೆ ಮುಖ್ಯವಾದದ್ದೇ. ದೌಲತಾಬಾದಿನಲ್ಲಿ ಕೊಳದ ನೀರಿನಲ್ಲಿ ಮುಖ ತೊಳೆದದ್ದಕ್ಕೆ ಕೂಗಾಡುವವರು ಮುಸ್ಲಿಮರು, ಬರೋಡಾದಲ್ಲಿ ದೊಣ್ಣೆ ಹಿಡಿದು ಬಂದವರು ಪಾರ್ಸಿಗಳು. ಅಸ್ಪೃಶ್ಯತೆ ಹಿಂದೂ ಸಮಾಜದ ಗಡಿಯ ಹೊರಗೂ ಹರಡಿತ್ತು ಎಂಬ ಅಂಬೇಡ್ಕರ್ ಅವರ ಗ್ರಹಿಕೆಯನ್ನು ಪುಸ್ತಕ ಮುಚ್ಚಿಡದೆ ಕಾಣಿಸಿದೆ.

ಇನ್ನು ಚಿತ್ರಗಳು. ವ್ಯಾಮ್ ದಂಪತಿ ಮಧ್ಯಪ್ರದೇಶದ ಪರಧಾನ ಗೊಂಡ ಸಮುದಾಯದವರು. ಆ ಸಮುದಾಯದವರು ಪರಂಪರೆಯಿಂದ ಕಥೆ ಹಾಡುವವರು. ಅವರ ಚಿತ್ರಕಲೆಗೆ ಕಾಗದದ ಮೇಲೆ ಹೊಸ ಹುಟ್ಟು ಕೊಟ್ಟವರು ಜನಗಢ ಸಿಂಗ್ ಶ್ಯಾಮ್. ದುರ್ಗಾಬಾಯಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಪಾತ್ರಗಳನ್ನು ಚೌಕಟ್ಟುಗಳೊಳಗೆ ಕೂಡಿಹಾಕಲು ಈ ಕಲಾವಿದರು ಒಪ್ಪಲಿಲ್ಲ. ಆದ್ದರಿಂದ ಕಾಮಿಕ್ಸ್ ಪುಸ್ತಕಗಳಲ್ಲಿ ಕಾಣುವ ಆಯತಗಳ ಸಾಲು ಇಲ್ಲಿಲ್ಲ. ಗೋಡೆ ನೆಲಗಳ ಮೇಲೆ ಬಿಡಿಸುವ ‘ದಿಗ್ನಾ’ ವಿನ್ಯಾಸದ ಪಟ್ಟಿಗಳು ಬಳುಕುತ್ತ ಹೋಗಿ ಒಂದು ಸನ್ನಿವೇಶವನ್ನು ಇನ್ನೊಂದರಿಂದ ಬೇರ್ಪಡಿಸುತ್ತವೆ. ಮಲೆನಾಡಿನ ದೀವರ ಮನೆಗಳ ಹಸೆ ಚಿತ್ತಾರವನ್ನು ಕಂಡವರಿಗೆ, ಗೋಡೆಯ ಮೇಲಿನ ಗೆರೆ ಬರೀ ಅಲಂಕಾರವಾಗಿರದೆ ಕಥನವೂ ಆಗಬಲ್ಲದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೈಲು ಹಾವಾಗಿ ಹರಿಯುತ್ತದೆ. ಮಹಾಡದ ಸಭೆಯಲ್ಲಿ ಧ್ವನಿವರ್ಧಕಗಳು ಜನರ ಮೇಲೆ ನೀರು ಚಿಮುಕಿಸುತ್ತವೆ. ನೆಲೆಯ ಭಾಗದಲ್ಲಿ ಆಲದ ಮರ ಬೇರು ಬಿಳಲುಗಳೊಂದಿಗೆ ಪುಟವನ್ನು ತುಂಬುತ್ತದೆ.

ಎಳೆಯ ಓದುಗರು ಎಲ್ಲಕ್ಕಿಂತ ಬೇಗ ಹಿಡಿಯುವುದು ಮಾತಿನ ಬಲೂನುಗಳ ಗುಟ್ಟನ್ನು. ಮೃದುವಾಗಿ ಮಾತಾಡುವವರ, ನೊಂದವರ ಮಾತುಗಳು ಹಕ್ಕಿಯಾಕಾರದ ಬಲೂನಿನಲ್ಲಿ ಬರುತ್ತವೆ. ಜಾತಿಯ ನಂಜು ತುಂಬಿದ ಮಾತಿನ ಬಲೂನಿಗೆ ಚೇಳಿನ ಕೊಂಡಿ ಇರುತ್ತದೆ. ಮನಸ್ಸಿನೊಳಗಿನ ಯೋಚನೆಗೆ ಒಂದು ಕಣ್ಣು ಬರೆದಿರುತ್ತದೆ. ಇದನ್ನು ಯಾರೂ ಮೊದಲೇ ತಿಳಿಸದಿದ್ದರೆ ಇನ್ನೂ ಚೆನ್ನ. ಕೊಂಡಿ ಎಲ್ಲಿ ಕಾಣಿಸಿಕೊಳ್ಳುತ್ತದೆ, ಎಲ್ಲಿ ಕಾಣಿಸುವುದಿಲ್ಲ ಎಂದು ಹುಡುಕುತ್ತ ಹೋದ ಮಗುವಿಗೆ, ನಯವಾದ ದನಿಯಲ್ಲಿ ಆಡಿದ ಮಾತಿಗೂ ಕೊಂಡಿ ಇರಬಹುದು ಎಂಬುದು ತಾನಾಗಿಯೇ ಹೊಳೆಯುತ್ತದೆ. ಹಾಗೆಂದು ಈ ವಿಧಾನ ಪೂರ್ತಿ ನ್ಯಾಯವಾದದ್ದೆಂದು ನಾನು ಹೇಳಲಾರೆ. ಯಾರು ಕೆಡುಕರು, ಯಾರು ಒಳ್ಳೆಯವರು ಎಂಬ ತೀರ್ಪನ್ನು ಬಲೂನಿನ ಆಕಾರವೇ ಕೊಟ್ಟುಬಿಟ್ಟಾಗ, ಮಸೂರಿನ ಸ್ಟೇಷನ್ ಮಾಸ್ತರರಂತಹ, ದೂರ ಸರಿದು ನಿಂತೂ ಗಾಡಿ ಗೊತ್ತುಮಾಡಿಕೊಟ್ಟ ನಡುವಿನ ಮನುಷ್ಯರ ಬಗ್ಗೆ ಓದುಗ ಸ್ವತಃ ಯೋಚಿಸುವ ಅವಕಾಶ ಸ್ವಲ್ಪ ಕಡಿಮೆಯಾಗುತ್ತದೆ. ಅಂಬೇಡ್ಕರ್ ಅವರ ಮೂಲ ಬರಹ ಅಂಥವರನ್ನು ತಣ್ಣಗಿನ ದನಿಯಲ್ಲಿ, ತೀರ್ಪು ಕೊಡದೆ ವರ್ಣಿಸುತ್ತದೆ. ಅದರಿಂದಲೇ ಅದು ಹೆಚ್ಚು ಇರಿಯುತ್ತದೆ.

ಪುಸ್ತಕದ ದುರ್ಬಲ ಅಂಶ ಅದಕ್ಕೆ ಹಾಕಿರುವ ಹೊರ ಆವರಣ. ಇಂದಿನ ಒಂದು ನಗರದ ಬಸ್ ನಿಲ್ದಾಣದಲ್ಲಿ ಯುವಕನೊಬ್ಬ ಮೀಸಲಾತಿಯಿಂದ ತನಗೆ ಅನ್ಯಾಯವಾಯಿತೆಂದು ಗೊಣಗುತ್ತಾನೆ. ಯುವತಿಯೊಬ್ಬಳು ಅವನಿಗೆ ಅಂಬೇಡ್ಕರ್ ಅವರ ಕಥೆಯನ್ನು ಹೇಳುತ್ತಾಳೆ. ಯೋಜನೆ ಒಳ್ಳೆಯದು, ಏಕೆಂದರೆ ಹೈಸ್ಕೂಲು ಮುಗಿಸುವ ಹೊತ್ತಿಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಆ ಗೊಣಗಾಟವನ್ನು ಮನೆಯಲ್ಲೋ ಮೈದಾನದಲ್ಲೋ ಕೇಳಿಯೇ ಇರುತ್ತಾನೆ. ಆದರೆ ಯುವಕ ಕೇವಲ ಸೋಲುವುದಕ್ಕಾಗಿ ಮಾತಾಡುತ್ತಾನೆ. ಅವನ ಪ್ರಶ್ನೆಗಳಿಗೆ ಇನ್ನಷ್ಟು ಬಲವಿದ್ದಿದ್ದರೆ ಯುವತಿಯ ಉತ್ತರಕ್ಕೂ ಬಲ ಬರುತ್ತಿತ್ತು. ನಡುನಡುವೆ ಇತ್ತೀಚಿನ ದಲಿತ ದೌರ್ಜನ್ಯಗಳ ಪತ್ರಿಕಾ ವರದಿಗಳನ್ನು ಅಳವಡಿಸಿದ್ದಾರೆ. 2006ರಲ್ಲಿ ಮಹಾರಾಷ್ಟ್ರದ ಖೈರ್ಲಾಂಜಿಯಲ್ಲಿ ಒಂದೇ ಕುಟುಂಬದ ನಾಲ್ವರನ್ನು ಕೊಂದ ಘಟನೆಯೂ ಬರುತ್ತದೆ. ಚಿಕ್ಕವರಿಗೆ ಇದು ಭಾರವಾಗುತ್ತದೆಂದು ಹೇಳುವ ಹಿರಿಯರಿದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ, ಆದರೆ ಆ ಪುಟಗಳನ್ನು ಮಗು ಒಂಟಿಯಾಗಿ ಓದಬಾರದು, ಜೊತೆಗೆ ಒಬ್ಬರು ಕುಳಿತಿರಬೇಕು. ಕರ್ನಾಟಕದ ಮೇಷ್ಟ್ರು ಇದನ್ನು ಪಾಠಕ್ಕೆ ಬಳಸುವುದಾದರೆ 2000ದ ಮಾರ್ಚಿನಲ್ಲಿ ಏಳು ಮಂದಿ ದಲಿತರನ್ನು ಸುಟ್ಟುಕೊಂದ ಕಂಬಾಲಪಲ್ಲಿಯ ಹೆಸರನ್ನೂ ಹೇಳಬೇಕಾಗುತ್ತದೆ. ಇಲ್ಲವಾದರೆ ಇದೆಲ್ಲ ಬೇರೆ ರಾಜ್ಯದ ಸುದ್ದಿ ಎಂದು ತರಗತಿ ನಿರುಮ್ಮಳವಾಗಿ ಎದ್ದುಹೋಗುತ್ತದೆ.

ಇದೊಂದೇ ಪುಸ್ತಕದಿಂದ ಅಂಬೇಡ್ಕರ್ ಅವರನ್ನು ತಿಳಿದುಕೊಂಡೆವೆಂದು ಹೇಳುವಂತಿಲ್ಲ. ಸಂವಿಧಾನ ರಚನೆ, ಮದುವೆ, ಆಸ್ತಿ ಕುರಿತ ಹಿಂದೂ ಕಾನೂನನ್ನು ಸುಧಾರಿಸುವ ಹಿಂದೂ ಕೋಡ್ ಬಿಲ್ಲಿನ ಪ್ರಶ್ನೆಯಲ್ಲಿ 1951ರಲ್ಲಿ ಸಂಪುಟಕ್ಕೆ ಕೊಟ್ಟ ರಾಜೀನಾಮೆ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕಾರ, ಅರ್ಥಶಾಸ್ತ್ರಜ್ಞನಾಗಿ ಅವರು ಮಾಡಿದ ಕೆಲಸ, ಇವು ಯಾವುವೂ ಪುಸ್ತಕದ ಕೇಂದ್ರದಲ್ಲಿಲ್ಲ. ಅವಮಾನಗಳ ಮೂಲಕವೇ ಮನುಷ್ಯನನ್ನು ಪರಿಚಯಿಸಿದಾಗ ಅವನ ಬುದ್ಧಿಯ ಹರಹು ಮರೆಯಾಗುವ ಅಪಾಯವಿದೆ. ಗ್ರಂಥಾಲಯಗಳಲ್ಲಿ ಕುಳಿತು ದಿನವಿಡೀ ಓದಿದ, ತರ್ಕದಲ್ಲಿ ಎದುರಾಳಿಯನ್ನು ಕಟ್ಟಿಹಾಕಿದ ಅಂಬೇಡ್ಕರ್ ಇಲ್ಲಿ ಮಸುಕಾಗಿದ್ದಾರೆ. ಅದಕ್ಕಾಗಿ ಇನ್ನೊಂದು ಪುಸ್ತಕ ಬೇಕು.

ಓದುವ ಅನುಕೂಲದ ಬಗ್ಗೆ ಒಂದೆರಡು ಮಾತು. ನಾನು ಓದಿದ್ದು ಇಂಗ್ಲಿಷ್ ಆವೃತ್ತಿ. ಬಲೂನುಗಳ ವಾಕ್ಯಗಳು ಚಿಕ್ಕವಾದ್ದರಿಂದ ಒಂಬತ್ತು, ಹತ್ತನೆಯ ತರಗತಿಯ ಕನ್ನಡ ಮಾಧ್ಯಮದ ಮಕ್ಕಳೂ ಸ್ವಲ್ಪ ನೆರವಿದ್ದರೆ ಓದಿಕೊಳ್ಳಬಲ್ಲರು. ಚೌಕಟ್ಟುಗಳಿಲ್ಲದ ಪುಟದಲ್ಲಿ ಮೊದಲು ಯಾವ ಬಲೂನು ಓದಬೇಕೆಂಬುದು ಕೆಲವೆಡೆ ಗೊಂದಲವಾಗುತ್ತದೆ, ಕಿರು ಪಾತ್ರಗಳ ಮುಖಗಳು ಒಂದೇ ತೆರನಾಗಿ ಕಾಣುವುದರಿಂದ ಆ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಮೊದಲ ಹತ್ತು ಪುಟ ದಾಟಿದ ಮೇಲೆ ಕಣ್ಣು ಹೊಂದಿಕೊಳ್ಳುತ್ತದೆ. ಅಂಬೇಡ್ಕರ್ ಅವರ ಬರಹ ಮತ್ತು ಭಾಷಣಗಳ ಸಂಪುಟಗಳನ್ನು ಕರ್ನಾಟಕ ಸರ್ಕಾರ ಕನ್ನಡದಲ್ಲಿ ಪ್ರಕಟಿಸಿರುವುದರಿಂದ, ಶಾಲಾ ಗ್ರಂಥಾಲಯದಲ್ಲಿ ಚಿತ್ರಪುಸ್ತಕದ ಪಕ್ಕದಲ್ಲೇ ಅವನ್ನೂ ಇಡಬಹುದು. ಎಂಟನೆಯ ತರಗತಿಗಿಂತ ಚಿಕ್ಕವರಿಗೆ ನೀರಿನ ಭಾಗವನ್ನಷ್ಟೇ ಗಟ್ಟಿಯಾಗಿ ಓದಿ ಹೇಳುವುದು ಒಳ್ಳೆಯದು. ಉಳಿದವರಿಗೆ ಇಡೀ ಪುಸ್ತಕ ಕೊಡಿ, ಕೊನೆಯ ಕಲಾ ಟಿಪ್ಪಣಿಯನ್ನು ಮೊದಲೇ ಓದಬೇಡಿ ಎಂದು ಮಾತ್ರ ಹೇಳಿರಿ.